ಹಲಗೆ ತೆಗೆಯುವವರು ಯಾರು?

2025ರ ಮೇ 24, ಶನಿವಾರ. ಕೇರಳಕ್ಕೆ ಮುಂಗಾರು ಬಂತು ಅಂತ ಹವಾಮಾನ ಇಲಾಖೆಯವರು ಹೇಳಿದ ದಿನ. ಜೂನ್ 1ಕ್ಕೆ ಬರಬೇಕಾದದ್ದು ಎಂಟು ದಿನ ಮೊದಲೇ ಬಂದಿತ್ತು. ಆ ಎಂಟು ದಿನಗಳಲ್ಲಿ ನಮಗೆ ಇದ್ದ ದೊಡ್ಡ ಕೆಲಸ ಒಂದೇ, ಕಟ್ಟದ, ಅಂದರೆ ಬೇಸಗೆಗೆ ನೀರು ನಿಲ್ಲಿಸಲು ಹಳ್ಳಕ್ಕೆ ಅಡ್ಡ ಹಾಕಿದ ಒಡ್ಡಿನ, ಹಲಗೆ ತೆಗೆಯುವುದು.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಎರಡೂವರೆ ಎಕ್ರೆ ಅಡಿಕೆ ತೋಟ. ತೋಟದ ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ಅದು ಸುತ್ತಿ ಬಳಸಿ ಶಿರಿಯ ಹೊಳೆಗೆ ಸೇರಿ, ಕುಂಬಳೆ ಕಡೆಗೆ ಹೋಗಿ ಸಮುದ್ರ ಕಾಣುತ್ತದೆ. ಆ ತೋಡಿಗೆ ಹಾಕುವ ಕಟ್ಟವೇ ಐದು ಮನೆಗಳ ಬೇಸಗೆಯ ಜೀವ.

ನಾನು ಮದುವೆಯಾಗಿ ಬಂದಾಗ ಇದ್ದದ್ದು ಕಲ್ಲು, ಮಣ್ಣು, ಸೊಪ್ಪಿನ ಕಟ್ಟ. ಡಿಸೆಂಬರಿನಲ್ಲಿ ಐದೂ ಮನೆಯವರು ಸೇರಿ ಕಟ್ಟುತ್ತಿದ್ದರು. ಹೆಂಗಸರಿಗೆ ಮಣ್ಣು ಹೊರುವುದರ ಜೊತೆಗೆ ಅವಲಕ್ಕಿ, ಚಹಾದ ಕೆಲಸ. ಜೂನಿನ ಮೊದಲ ದೊಡ್ಡ ನೆರೆಗೆ ಅದು ತಾನಾಗಿ ಕೊಚ್ಚಿ ಹೋಗುತ್ತಿತ್ತು. ಪ್ರತಿ ವರ್ಷ ಅದೇ ಗೋಳು ಅಂತ ಬೇಸರಪಟ್ಟು, ಕಿಂಡಿ ಇರುವ ಕಾಂಕ್ರೀಟ್ ಕಟ್ಟ ಮಾಡಿಸಿದೆವು. ಮೂರು ಕಿಂಡಿ. ಒಂದೊಂದಕ್ಕೂ ಎರಡು ಸಾಲು ಹಲಗೆ, ನಡುವೆ ಮೆಟ್ಟಿ ತುಂಬಿದ ಮಣ್ಣು. ಆಗ ಮಾವ ಹೇಳಿದ್ದರು, "ಮಣ್ಣಿನ ಕಟ್ಟಕ್ಕೆ ಯಾವಾಗ ಒಡೆಯಬೇಕು ಅಂತ ಗೊತ್ತುಂಟು. ಇದಕ್ಕೆ ಗೊತ್ತಿಲ್ಲ." ಮುದುಕರ ಮಾತು ಅಂತ ನಾವು ನಕ್ಕಿದ್ದೆವು.

ಶುಕ್ರವಾರ ಸಂಜೆಯೇ ಮಳೆ ಜೋರಾಗಿತ್ತು. ಕೆಳಗಿನಮನೆ ಭಾವನಿಗೆ ಫೋನ್ ಮಾಡಿದೆ. "ನಾಳೆ ಬೆಳಗ್ಗೆ ನೋಡುವ ಅತ್ತಿಗೆ, ಇದು ಬರೇ ಮೇ ತಿಂಗಳ ಮಳೆ" ಅಂದರು. ತಪ್ಪು ಅವರದ್ದು ಮಾತ್ರ ಅಲ್ಲ, ನನಗೂ ಹಾಗೇ ಅನ್ನಿಸಿತ್ತು. ಮೊಬೈಲಿಗೆ ರೆಡ್ ಅಲರ್ಟ್ ಬಂದಾಗ ಮಗಳು ಅದರ ಲೆಕ್ಕ ಹೇಳಿದಳು: 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳಬಹುದು ಅಂತ ಅರ್ಥ. ಒಂದು ಎಕ್ರೆಗೆ 200 ಮಿಲಿಮೀಟರ್ ಬಿದ್ದರೆ ಹತ್ತಿರ ಹತ್ತಿರ ಎಂಟು ಲಕ್ಷ ಲೀಟರ್ ನೀರು. ನಮ್ಮ ತೋಟದ್ದೇ ಇಪ್ಪತ್ತು ಲಕ್ಷವಾಯಿತು. ಮೇಲಿನ ಗುಡ್ಡದಿಂದ ಇಳಿಯುವುದು ಬೇರೆ.

ಶನಿವಾರ ಬೆಳಗ್ಗೆ ಹೋದಾಗ ನೀರು ಆಗಲೇ ಕಟ್ಟದ ಮೇಲಿನಿಂದ ಹಾರುತ್ತಿತ್ತು. ಹಲಗೆ ತೆಗೆಯಬೇಕಾದರೆ ಮೊದಲು ನಡುವಿನ ಮಣ್ಣು ತೆಗೆಯಬೇಕು. ನೀರಿನಡಿಯಲ್ಲಿ ಅದು ಆಗುವ ಕೆಲಸವಾ? ನೆನೆದು ಉಬ್ಬಿದ ಹಲಗೆ ಕಿಂಡಿಯ ಬದಿಯ ಸೀಳಿನಲ್ಲಿ ಕಚ್ಚಿಕೊಂಡಿತ್ತು. ಭಾವನೂ ಕೆಲಸದವರೂ ಸೊಂಟಕ್ಕೆ ಹಗ್ಗ ಕಟ್ಟಿ, ಕೊಕ್ಕೆ ಹಾಕಿ ಎಳೆದರು. ನಡುವಿನ ಕಿಂಡಿಯ ಮೇಲಿನ ಎರಡು ಹಲಗೆ ಬಂತು. ಮೂರನೆಯದಕ್ಕೆ ಕೊಕ್ಕೆಯ ಹಿಡಿಯೇ ಮುರಿಯಿತು. ಸಾಕು, ಮೇಲೆ ಬನ್ನಿ ಅಂತ ಮಾವ ಬೊಬ್ಬೆ ಹೊಡೆದರು. ಮೋಟರನ್ನು ಬಿಚ್ಚಿ ಬಡಿಗೆಗೆ ಕಟ್ಟಿ, ಇಬ್ಬರು ಹೊತ್ತು ಮೇಲೆ ತಂದದ್ದೊಂದೇ ಆ ದಿನದ ಬುದ್ಧಿವಂತಿಕೆ.

ರಾತ್ರಿ ಟಾರ್ಚ್ ಹಿಡಿದು ನಿಂತಿದ್ದೆ. ಕಟ್ಟ ಅಲುಗಲಿಲ್ಲ. ನೀರು ಅದನ್ನು ಬಿಟ್ಟು ಬದಿಯ ದರೆಯನ್ನು ಕೊರೆಯಲು ಶುರು ಮಾಡಿತು. ಅಕ್ಕಿ ಮೂಟೆ ನೆಲಕ್ಕೆ ಹಾಕಿದ ಹಾಗೆ ದೊಪ್ಪ, ದೊಪ್ಪ ಅಂತ ಮಣ್ಣು ಬೀಳುತ್ತಿತ್ತು. ಬೆಳಗಾಗುವಾಗ ಪಂಪುಶೆಡ್ಡು ಇಲ್ಲ. ಫಸಲು ಕೊಡುತ್ತಿದ್ದ ಒಂಬತ್ತು ಅಡಿಕೆ ಮರ ಇಲ್ಲ. ತೋಡು ನಮ್ಮ ತೋಟದೊಳಗೆ ಹೊಸ ದಾರಿ ಮಾಡಿಕೊಂಡಿತ್ತು. ಕಟ್ಟ ಮಾತ್ರ ಹೊಸತರ ಹಾಗೆ ನಿಂತಿತ್ತು, ನೋಡಿದರೆ ಸಿಟ್ಟು ಬರುವಷ್ಟು ಗಟ್ಟಿ.

ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ಕಡೆ ಆ ವಾರ ಯಾರನ್ನೂ ಬಿಡಲಿಲ್ಲ. ಮುರಕಲ್ಲಿನ ಅಡಿಯ ಸೇಡಿಮಣ್ಣು ನೆನೆದರೆ ಒಳಗೆ ಕುಸಿಯುತ್ತದೆ. ನೀರು ಹಾಲಿನ ಹಾಗೆ ಬೆಳ್ಳಗಾದದ್ದು ಕಂಡು, ಪೈಪನ್ನು ಟಾಂಕಿಯಿಂದ ತಪ್ಪಿಸಿ ನೀರು ಹರಿಯುವ ಕಣಿಗೆ ಬಿಟ್ಟೆ. ತೋಟದ ಕಣಿಗಳಲ್ಲಿ ಸೋಗೆ, ಹಾಳೆ ಸಿಕ್ಕಿಕೊಂಡಿತ್ತು. ಅದನ್ನೆಲ್ಲ ಬಿಡಿಸುವುದರಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಬಿಸಿಲಿನ ದಿನವೂ ಹೋಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಎಲ್ಲ ತಂದಿಟ್ಟದ್ದು ಜಗಲಿಯಲ್ಲೇ ಉಳಿಯಿತು. ಆ ಸಲ ಕೊಳೆರೋಗಕ್ಕೆ ಹೋದ ಅಡಿಕೆಯ ಲೆಕ್ಕ ನಾನು ಹಾಕಿಲ್ಲ.

ಹಾಗಾದರೆ ಹಲಗೆ ಮೊದಲೇ ತೆಗೆದರಾಯಿತು ಅಂತ ಹೇಳುವುದು ಸುಲಭ. ಆದರೆ ಮೇ ತಿಂಗಳ ಉರಿಯಲ್ಲೇ ಅಡಿಕೆಗೆ ನೀರು ಬೇಕು. ಮೇ 10ಕ್ಕೆ ತೆಗೆದು, ಮಳೆ ಜೂನಿಗೆ ಬಂದರೆ ಮೂರು ವಾರ ತೋಟ ಒಣಗುತ್ತದೆ. ಹಲಗೆ ಹಾಕುವ ದಿನ ಐದೂ ಮನೆಯವರು ಹಾಜರು. ಯಾಕೆಂದರೆ ಅದು ನೀರು ಸಿಗುವ ಕೆಲಸ. ತೆಗೆಯುವಾಗ ಎಲ್ಲರಿಗೂ ಮದುವೆ, ಉಪನಯನ, ಪುತ್ತೂರಿಗೆ ಹೋಗುವ ಅರ್ಜೆಂಟು.

ಈ ವರ್ಷ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮೇ 10ಕ್ಕೆ ನಡುವಿನ ಕಿಂಡಿಯ ಮಣ್ಣು ಪೂರ್ತಿ ತೆಗೆಯುವುದು. ಹಲಗೆ ಒಂದೇ ಸಾಲು, ಸ್ವಲ್ಪ ಸೋರಿದರೆ ಸೋರಲಿ. ಉಳಿದ ಎರಡು ಕಿಂಡಿ ಮೇ 20ಕ್ಕೆ. ಭಾವನಿಗೆ 25 ಆಗಬೇಕಿತ್ತು. ಮಾವ ಮಾತಾಡಲಿಲ್ಲ, ಹೊಸ ಹಿಡಿ ಹಾಕಿಸಿದ ಕೊಕ್ಕೆಯನ್ನು ಜಗಲಿಯ ಗೋಡೆಗೆ ತೂಗುಹಾಕಿದರು.

ಅಂದ ಹಾಗೆ, ಆ ರಾತ್ರಿ ಹಲಗೆಯೊಂದು ಕೊಚ್ಚಿ ಹೋಗಿತ್ತು. ಮೊನ್ನೆ ಕೆಳಗೆ ಒಂದು ಮನೆಗೆ ಹೋದಾಗ ಸಿಕ್ಕಿತು. ಅಂಗಳದ ಕಣಿಗೆ ಸಂಕ ಮಾಡಿದ್ದಾರೆ. ಕೆಂಪು ಪೈಂಟಿನಲ್ಲಿ ನಾನೇ ಬರೆದ ಹಲಗೆಯ ನಂಬ್ರ, 7, ಅರ್ಧ ಅಳಿಸಿದೆ. ಅದರ ಮೇಲೆಯೇ ದಾಟಿ ಹೋಗಿ, ಚಹಾ ಕುಡಿದು ಬಂದೆ. ಕೇಳಲಿಲ್ಲ.