ಕೋಟಿಯ ಸಾಲುಗಳು

ಫೋನಿನಲ್ಲಿ ಜಾಗ ಇಲ್ಲ ಅಂತ ಹಳೇ ಫೈಲ್ ಅಳಿಸುತ್ತಾ ಕೂತಿದ್ದೆ. 2024ರ ಮಾರ್ಚ್‌ನಲ್ಲಿ ಇಳಿಸಿಕೊಂಡಿದ್ದ ಪಿಡಿಎಫ್ ಒಂದು ಸಿಕ್ಕಿತು. ಚುನಾವಣಾ ಬಾಂಡ್ ಕೊಂಡವರ ಪಟ್ಟಿ. ಕೊಟ್ಟವರ ಹೆಸರು ಜನಕ್ಕೆ ತಿಳಿಯದಂತೆ ಪಕ್ಷಗಳಿಗೆ ದುಡ್ಡು ಕೊಡೋಕೆ ಬ್ಯಾಂಕಿನಿಂದ ಕೊಳ್ಳುತ್ತಿದ್ದ ಪತ್ರ ಅದು.

ತಾರೀಖು, ಹೆಸರು, ಮೊತ್ತ. ಅಷ್ಟೇ. ಫ್ಯೂಚರ್ ಗೇಮಿಂಗ್ ಅನ್ನೋ ಲಾಟರಿ ಕಂಪನಿಯ ಹೆಸರು ಒಂದರ ಕೆಳಗೊಂದು ಬರ್ತಾನೇ ಇರುತ್ತದೆ, ಪಕ್ಕದಲ್ಲಿ 1,00,00,000. ಒಟ್ಟು 1,368 ಕೋಟಿ. ಬೆರಳು ನೋಯುವವರೆಗೂ ಸ್ಕ್ರೋಲ್ ಮಾಡಬೇಕು.

ಈ ಹೆಸರುಗಳು ಬಾಂಡ್ ಮಾರಿದ ಎಸ್‌ಬಿಐ ಬ್ಯಾಂಕಿಗೆ ಮೊದಲೇ ಗೊತ್ತಿದ್ದವು. ಬ್ಯಾಂಕು ಸರ್ಕಾರದ್ದು. ಗೊತ್ತಿಲ್ಲದೆ ಇದ್ದಿದ್ದು ವೋಟು ಹಾಕುವ ನಮಗೆ ಮಾತ್ರ! 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಈ ಯೋಜನೆಯನ್ನೇ ರದ್ದು ಮಾಡಿತು. ವಿವರ ಕೊಡೋಕೆ ಜೂನ್ 30ರ ತನಕ ಟೈಮ್ ಬೇಕು ಅಂತ ಎಸ್‌ಬಿಐ ಕೇಳಿತ್ತು. ಲೋಕಸಭಾ ಚುನಾವಣೆ ಹತ್ತಿರ ಇತ್ತಲ್ವಾ. ಕೋರ್ಟ್ ಗದರಿದ ಮೇಲೆ ಮಾರನೇ ದಿನವೇ ಕೊಟ್ಟಿತು. ಚುನಾವಣೆ ಹತ್ತಿರ ಇತ್ತಲ್ವಾ.

ಜಾಸ್ತಿ ದುಡ್ಡು ಹೋಗಿದ್ದು ಬಿಜೆಪಿಗೆ. ಹಾಗಂತ ಕಾಂಗ್ರೆಸ್, ತೃಣಮೂಲ, ಡಿಎಂಕೆ, ನಮ್ಮ ಜೆಡಿಎಸ್ ಕೂಡ ಕೈ ಕಟ್ಟಿ ಕೂತಿರಲಿಲ್ಲ. ಬೇಡ ಅಂದು ಕೋರ್ಟಿಗೆ ಹೋದದ್ದು ಸಿಪಿಎಂ.

ನನಗೆ ಹೆಚ್ಚು ಕಾಡೋದು 2017ರಲ್ಲಿ ಸದ್ದಿಲ್ಲದೆ ತೆಗೆದುಹಾಕಿದ ಒಂದು ಮಿತಿ. ಅದಕ್ಕೂ ಮೊದಲು ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 7.5ರಷ್ಟು ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. ಆಮೇಲೆ, 2024ರ ಆ ತೀರ್ಪು ಬರುವ ತನಕ, ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಿತ್ತು. ನಷ್ಟದಲ್ಲಿ ಇರೋರಿಗೆ ಯಾಕಪ್ಪಾ ಇಷ್ಟೊಂದು ಧಾರಾಳ?