ಕರೆಂಟ್ ಇಲ್ಲ ಅಂತ ಹೇಗೆ ಗೊತ್ತು?

ಎಲೆಕ್ಟ್ರಿಷಿಯನ್ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದೆ. ಅಷ್ಟರಲ್ಲಿ ಆರು ವರ್ಷ ಮೇಸ್ತ್ರಿಯ ಕೈಕೆಳಗೆ ದುಡಿದಿದ್ದೆ. ಗೋಡೆ ಕೊರೆದು ಪೈಪ್ ಕೂರಿಸುವುದರಿಂದ ಹಿಡಿದು ಡಿಬಿ, ಅಂದರೆ ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ, ಜೋಡಿಸುವವರೆಗೆ ಎಲ್ಲ ಕೆಲಸವೂ ಕೈಗೆ ಹತ್ತಿತ್ತು. ಲಿಖಿತ ಪರೀಕ್ಷೆ ಸುಲಭವಾಗಿಯೇ ಮುಗಿಯಿತು. ಎಡವಿದ್ದು ಪ್ರಾಕ್ಟಿಕಲ್‌ನಲ್ಲಿ.

ಹಲಗೆಯ ಮೇಲೆ ಒಂದು ಸರ್ಕ್ಯೂಟ್ ಇತ್ತು. ಅದರಲ್ಲಿರುವ ದೋಷ ಹುಡುಕಿ ಸರಿ ಮಾಡಬೇಕು. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್, ಆಫ್ ಮಾಡಿದೆ. ಎರಡು ಮೊನೆಯ ಟೆಸ್ಟರ್ ಇಟ್ಟು ನೋಡಿದೆ, ಅದರ ದೀಪ ಹೊತ್ತಲಿಲ್ಲ. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

"ನಿಲ್ಲಿಸಿ" ಅಂದರು ಪರೀಕ್ಷಕರು. "ಕರೆಂಟ್ ಇಲ್ಲ ಅಂತ ಹೇಗೆ ಗೊತ್ತು?"

"ಟೆಸ್ಟರ್ ತೋರಿಸಲಿಲ್ಲ ಸಾರ್."

"ಟೆಸ್ಟರ್ ಸರಿಯಾಗಿದೆ ಅಂತ ಹೇಗೆ ಗೊತ್ತು?"

ಉತ್ತರ ಇರಲಿಲ್ಲ. ಕೆಟ್ಟುಹೋದ ಟೆಸ್ಟರ್ ಕೂಡ ಹೊತ್ತುವುದಿಲ್ಲ, ಅಲ್ವಾ? ಆರು ವರ್ಷ ನಾನು ಆ ಒಂದು ದೀಪವನ್ನು ನಂಬಿ ತಂತಿಗೆ ಕೈ ಹಾಕಿದ್ದೆ. ಆಫ್ ಮಾಡಿದ ಎಂಸಿಬಿಗೆ ಲಾಕ್ ಕೂಡ ಹಾಕಿರಲಿಲ್ಲ. ಯಾರಾದರೂ ಬಂದು ಸುಮ್ನೆ ಆನ್ ಮಾಡಿದ್ದರೆ?

ಸರಿಯಾದ ಕ್ರಮ ಇದು. ಮೊದಲು ಕರೆಂಟ್ ಇರುವ ಕಡೆ ಟೆಸ್ಟರ್ ಇಟ್ಟು ಅದು ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ನಾವು ಕೈ ಹಾಕಬೇಕಾದ ಸರ್ಕ್ಯೂಟ್‌ನಲ್ಲಿ ಫೇಸ್ (ಕರೆಂಟ್ ತರುವ ತಂತಿ)–ನ್ಯೂಟ್ರಲ್ (ವಾಪಸ್ ಒಯ್ಯುವ ತಂತಿ), ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ನಡುವೆ ನೋಡಬೇಕು. ಕೊನೆಗೆ ಮತ್ತೆ ಕರೆಂಟ್ ಇರುವ ಕಡೆಗೆ ಬಂದು, ನಡುವೆ ಟೆಸ್ಟರ್ ಸತ್ತಿಲ್ಲ ಅಂತ ನೋಡಬೇಕು. ಎರಡು ನಿಮಿಷದ ಕೆಲಸ. ನ್ಯೂಟ್ರಲ್ ಅಂತ ಧೈರ್ಯವಾಗಿ ಹಿಡಿಯುವವರಿದ್ದಾರೆ. ದಾರಿಯಲ್ಲಿ ಎಲ್ಲೋ ನ್ಯೂಟ್ರಲ್ ಕಡಿದಿದ್ದರೆ, ಆನ್ ಆಗಿರುವ ಬಲ್ಬ್ ಮೂಲಕ ಅದರಲ್ಲೂ ಕರೆಂಟ್ ಬಂದು ಕೂತಿರುತ್ತದೆ.

ನಾವು ದಿನವೂ 16 ಆಂಪಿಯರ್, 32 ಆಂಪಿಯರ್ ಅಂತ ಮಾತಾಡುತ್ತೇವೆ. ಕೈ ತಂತಿಯನ್ನು ಬಿಡಲಾಗದಂತೆ ಬಿಗಿಯಲು ಸುಮಾರು 10 ಮಿಲಿಆಂಪಿಯರ್ ಸಾಕು, ಅಂದರೆ ಒಂದು ಆಂಪಿಯರ್‌ನ ನೂರನೇ ಪಾಲು. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ, ಅದು ಕಾಯುವುದು ತಂತಿಯನ್ನು. ಮನುಷ್ಯರನ್ನು ಕಾಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕುತ್ತೇವೆ, ಕರೆಂಟ್ ನೆಲಕ್ಕೆ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್ ಅದು. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದೂ ಬಲ್ಬ್ ಅಂದುಕೊಂಡು ಸುಮ್ಮನಿರುತ್ತದೆ. ಇದನ್ನೆಲ್ಲ ಪರೀಕ್ಷೆಗೆ ಓದಿದ್ದೆ, ಬರೆದೂ ಇದ್ದೆ. ಕೈಗೆ ಮಾತ್ರ ಇಳಿದಿರಲಿಲ್ಲ.

ಮುಂದಿನ ಪರೀಕ್ಷೆಯವರೆಗೆ ಪ್ರತಿ ಕೆಲಸದಲ್ಲೂ ಹೀಗೇ ಮಾಡಿದೆ. ಜೊತೆಯವರಿಗೆ ಬೇಸರ, "ಇಷ್ಟಕ್ಕೆಲ್ಲ ಯಾಕೆ ಟೈಮ್ ವೇಸ್ಟ್?" ಅನ್ನುತ್ತಿದ್ದರು. ಎರಡನೇ ಸಲ ಹಲಗೆಯ ಮುಂದೆ ನಿಂತಾಗ ಲಾಕ್ ತಾನಾಗಿಯೇ ಕೈಗೆ ಬಂತು. ದೋಷ ಇದ್ದದ್ದು ನ್ಯೂಟ್ರಲ್‌ನಲ್ಲಿ. ಒಂದು ಆರ್‌ಸಿಸಿಬಿಯ ನ್ಯೂಟ್ರಲ್ ತಂತಿಯನ್ನು ಇನ್ನೊಂದರ ನ್ಯೂಟ್ರಲ್ ಪಟ್ಟಿಗೆ ಸೇರಿಸಿದ್ದರು. ಸರಿ ಮಾಡಿದೆ, ಪಾಸಾದೆ.

ಲೈಸೆನ್ಸ್ ಬಂದ ಮೇಲೆ ಮೊದಲ ಟೆಸ್ಟ್ ರಿಪೋರ್ಟ್‌ಗೆ ಸಹಿ ಹಾಕುವ ದಿನ. ಹೊಸ ಮನೆ, ಪ್ಲಾಸ್ಟರ್, ಬಣ್ಣ ಎಲ್ಲ ಮುಗಿದಿತ್ತು. ಲೈಟೆಲ್ಲ ಚೆನ್ನಾಗಿಯೇ ಉರಿಯುತ್ತಿತ್ತು. ಮೇನ್ ಆಫ್ ಮಾಡಿ, ಮೆಗ್ಗರ್ ಅನ್ನುವ ಮೀಟರ್‌ನಲ್ಲಿ 500 ವೋಲ್ಟ್ ಕೊಟ್ಟು ಇನ್ಸುಲೇಷನ್, ಅಂದರೆ ತಂತಿಯ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ, ನೋಡಿದೆ. ಕನಿಷ್ಠ 1 ಮೆಗಾಓಮ್ ಬರಬೇಕು. ಒಂದು ಸರ್ಕ್ಯೂಟ್‌ನಲ್ಲಿ ಮುಳ್ಳು 0.4ಕ್ಕೆ ನಿಂತಿತು. ಮಾಲೀಕರು "ಎಲ್ಲಾ ಉರೀತಿದೆಯಲ್ಲ, ಸಹಿ ಹಾಕಿ" ಅಂದರು. ನನ್ನ ಹೆಸರು ಬೀಳುವ ಕಾಗದ ಅದು. ಒಂದೊಂದೇ ಬಾಕ್ಸ್ ಬಿಚ್ಚಿದೆ. ಏಳನೆಯದರಲ್ಲಿ ಸ್ವಿಚ್ ಪ್ಲೇಟಿನ ಸ್ಕ್ರೂ ತಂತಿಯ ಮೇಲೇ ಕೂತಿತ್ತು. ಕೆಂಪು ಪಿವಿಸಿ ಹೊದಿಕೆ ಸೀಳಿ, ಒಳಗಿನ ತಾಮ್ರ ಕೂದಲೆಳೆಯಷ್ಟು ಇಣುಕುತ್ತಿತ್ತು.

ಆ ತಂತಿ ಬದಲಾಯಿಸಿ ಮತ್ತೆ ಮೆಗ್ಗರ್ ಹಾಕಿದೆ. ಮುಳ್ಳು 200 ದಾಟಿತು. ಆಮೇಲೆ ಪೆನ್ ತೆಗೆದೆ.