ಮಾತಂಗದ ಇಳಿಜಾರಿನಲ್ಲಿ ಒಂದೇ ಚೌಕಟ್ಟು

ಫೋಟೋಗ್ರಫಿ ಓದುವ ನಮಗೆ ಎರಡನೇ ವರ್ಷದಲ್ಲಿ ಲ್ಯಾಂಡ್‌ಸ್ಕೇಪ್ ಪ್ರಾಜೆಕ್ಟ್ ಇರುತ್ತದೆ. ಈ ಸಲ ಹಂಪಿ ಅಂತ ಗೊತ್ತಾದಾಗ ಕ್ಲಾಸಿನಲ್ಲಿ ಎಲ್ಲರಿಗೂ ಖುಷಿ. ಮೇಷ್ಟ್ರು ಹಾಕಿದ ಷರತ್ತು ಕೇಳಿದ ಮೇಲೆ ಒಂದಷ್ಟು ಜನ ಮುಖ ಸಣ್ಣ ಮಾಡಿಕೊಂಡರು. ಝೂಮ್ ಲೆನ್ಸ್ ತರುವ ಹಾಗಿಲ್ಲ, ಹತ್ತಿರ ದೂರ ಮಾಡಲು ಬಾರದ 50 ಎಂಎಂ ಲೆನ್ಸ್ ಒಂದೇ. ಒಬ್ಬೊಬ್ಬರು ಒಂದೊಂದು ಜಾಗ ಆರಿಸಿಕೊಂಡು ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿಗೇ ಹೋಗಬೇಕು. ಕಲ್ಲಿನ ರಥ ಬೇಡವೇ ಬೇಡ. ಕೊನೆಗೆ, ಆ ಜಾಗ ಹಾಗೆ ಕಾಣಲು ಕಾರಣ ಏನು ಅಂತ ಚಿತ್ರದ ಜೊತೆ ನಾಲ್ಕು ಸಾಲು ಬರೆದುಕೊಡಬೇಕು.

ನನಗೆ ಕಷ್ಟ ಅನಿಸಿದ್ದು ಆ ನಾಲ್ಕು ಸಾಲು. ಈ ಪ್ರವಾಸದಲ್ಲಿ ನಾನು ಏನಾದರೂ ಕಲಿತಿದ್ದರೆ ಅದೂ ಆ ನಾಲ್ಕು ಸಾಲಿನ ದೆಸೆಯಿಂದಲೇ.

ಮೈಸೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಕತ್ತಲಲ್ಲಿ ರಾಮನಗರ ದಾಟಿತು. ಕಿಟಕಿಯಾಚೆ ಬೆಟ್ಟಗಳು ಇವೆ ಅಂತ ಗೊತ್ತಿತ್ತೇ ಹೊರತು ಏನೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಸ್ ಹಿಡಿದೆವು. ಅಲ್ಲಿಂದ ಹಂಪಿಗೆ ಹದಿಮೂರು ಕಿಲೋಮೀಟರ್ ಇರಬಹುದು. ಕಬ್ಬು, ಬಾಳೆ, ಗದ್ದೆ ನೋಡುತ್ತಾ ಇರುವಾಗಲೇ ಗದ್ದೆಯ ಮಧ್ಯದಿಂದ ಬಂಡೆಗಳು ಏಳತೊಡಗುತ್ತವೆ. ಇಷ್ಟು ಹಸಿರಿನ ಪಕ್ಕದಲ್ಲಿ ಇಷ್ಟು ಬರಡು ಕಲ್ಲನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೊದಲು ಮೇಷ್ಟ್ರು ನಮ್ಮನ್ನು ವಿರೂಪಾಕ್ಷ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ ಅಂದರು. ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲ ಕೋಣೆ ಇದೆ. ಗೋಡೆಯ ಒಂದು ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು, ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಸುಮಾರು 50 ಮೀಟರ್ ಎತ್ತರದ ಗೋಪುರ ಒಂದು ಕೋಣೆಯ ಗೋಡೆಯಲ್ಲಿ ಹಿಡಿಸಿಬಿಡುತ್ತದೆ. ಪಿನ್‌ಹೋಲ್ ಕ್ಯಾಮೆರಾ ಅಂತ ಮೊದಲ ವರ್ಷದಲ್ಲಿ ರಟ್ಟಿನ ಡಬ್ಬಿಯಲ್ಲಿ ಮಾಡಿದ್ದು ಇದೇ ಅಲ್ವಾ? ಲೆನ್ಸ್ ಇಲ್ಲ, ಸೆನ್ಸರ್ ಇಲ್ಲ. ಕತ್ತಲು, ತೂತು, ಗೋಡೆ, ಇಷ್ಟೇ. ನಾವು ಅಲ್ಲಿ ತುಂಬಾ ಹೊತ್ತು ನಿಂತೆವು. ಕ್ಯಾಮೆರಾ ಯಾವುದು, ಎಷ್ಟು ಮೆಗಾಪಿಕ್ಸೆಲ್ ಅನ್ನುವ ನಮ್ಮ ದಿನನಿತ್ಯದ ಮಾತು ಆಮೇಲೆ ಸ್ವಲ್ಪ ಕಡಿಮೆಯಾಯಿತು.

ಜಾಗ ಆರಿಸುವುದು ಸುಲಭವಿರಲಿಲ್ಲ. ಸ್ಮಾರಕಗಳ ಒಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ಕೆಲವರು ಹೊಳೆದಂಡೆ ಹಿಡಿದರು, ಒಬ್ಬಳು ಹರಿಗೋಲಿನಲ್ಲಿ ದಾಟಿ ಆನೆಗೊಂದಿ ಕಡೆಗೆ ಹೋದಳು. ನಾನು ಮಾತಂಗ ಬೆಟ್ಟ ಅಂದುಕೊಂಡೆ. ನಸುಕಿನಲ್ಲಿ ನಾಲ್ಕೈದು ಜನ ಜೊತೆಯಾಗಿ ಟಾರ್ಚ್ ಹಿಡಿದು ಹತ್ತಿದೆವು. ಅಲ್ಲಿ ಕತ್ತಲಲ್ಲಿ ಒಬ್ಬರೇ ಹತ್ತಬಾರದು, ಇದನ್ನು ಓದಿ ಹೋಗುವವರಿಗೂ ಇದೇ ನನ್ನ ಮಾತು.

ತುದಿಯಲ್ಲಿ ಬೆಳಗಾಗುವುದು ನಿಜಕ್ಕೂ ದೊಡ್ಡ ನೋಟ. ಒಂದು ಕಡೆ ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರಾಚೆ ತುಂಗಭದ್ರೆ. ಆದರೆ ಅಲ್ಲಿ ಸಾಲಾಗಿ ನಿಂತವರೆಲ್ಲರ ಮೊಬೈಲಿನಲ್ಲೂ ಕ್ಯಾಮೆರಾದಲ್ಲೂ ಅದೇ ನೋಟ. ಇಳಿಯುವಾಗ ದಕ್ಷಿಣದ ಇಳಿಜಾರಿನಲ್ಲಿ ಒಂದು ಚಪ್ಪಟೆ ಬಂಡೆ ಸಿಕ್ಕಿತು. ಅಲ್ಲಿಂದ ಕಂಡದ್ದು ಕಣಿವೆ. ಜನವರಿ ತಿಂಗಳು. ಕೆಲವು ಗದ್ದೆಗಳಲ್ಲಿ ನೀರು ನಿಲ್ಲಿಸಿದ್ದರು, ಕೆಲವು ಕಡೆ ನಾಟಿ ನಡೆದಿತ್ತು. ಬಾಳೆತೋಟ, ತೆಂಗು, ಸುತ್ತ ಬಂಡೆ. ಇಲ್ಲೇ ಕೂರುತ್ತೇನೆ ಅಂತ ತೀರ್ಮಾನ ಮಾಡಿದೆ.

50 ಎಂಎಂನಲ್ಲಿ ಕಣಿವೆ ಪೂರ್ತಿ ಹಿಡಿಸುವುದಿಲ್ಲ. ಏನನ್ನು ಬಿಡಬೇಕು ಅಂತ ಮೊದಲು ಯೋಚಿಸಬೇಕಾಗುತ್ತದೆ. ಆಕಾಶ ಬಿಟ್ಟೆ. ತೆಂಗಿನ ತುದಿಗಳಿಗಿಂತ ಸ್ವಲ್ಪ ಮೇಲೆ ಚೌಕಟ್ಟು ಮುಗಿಸಿ, ಮುಂದೆ ಒಂದು ಸೀಳಿದ ಬಂಡೆಯನ್ನು ಇಟ್ಟುಕೊಂಡೆ. ಹತ್ತಿರದ ಬಂಡೆಯೂ ದೂರದ ಗದ್ದೆಯೂ ಸ್ಪಷ್ಟವಾಗಿ ಬರಲಿ ಅಂತ ಲೆನ್ಸಿನ ಕಿಂಡಿ ಸಣ್ಣದು (ಎಫ್/11), ಸೆನ್ಸರ್‌ನ ಸೂಕ್ಷ್ಮತೆ ಕಡಿಮೆ (ಐಎಸ್‌ಒ 100) ಇಟ್ಟುಕೊಂಡೆ. ಬೆಳಿಗ್ಗೆಯ ಚಿತ್ರ ಅಚ್ಚುಕಟ್ಟಾಗಿತ್ತು. ಮಧ್ಯಾಹ್ನ ಕಲ್ಲೆಲ್ಲ ಬಿಳಿಚಿಕೊಂಡು ಬಂಡೆಗೂ ಮಣ್ಣಿಗೂ ವ್ಯತ್ಯಾಸವೇ ಇರಲಿಲ್ಲ. ಸಂಜೆ ನಾಲ್ಕರ ಮೇಲೆ ಬೆಳಕು ಅಡ್ಡಬಿದ್ದಾಗ ಮುಂದಿನ ಬಂಡೆಯಲ್ಲಿ ಹೊಸತೊಂದು ಕಂಡಿತು. ಸೀಳಿನ ಅಂಚಿನುದ್ದಕ್ಕೂ ಬೆರಳು ಹೋಗುವಷ್ಟು ದೊಡ್ಡ ತೂತುಗಳ ಸಾಲು. ಹತ್ತಿರ ಹೋಗಿ ಮುಟ್ಟಿ ನೋಡಿದೆ. ಒಂದೊಂದು ತೂತಿನಲ್ಲೂ ಒಂದು ಚಿಟಿಕೆ ಮಣ್ಣು, ಒಂದರಲ್ಲಿ ಒಣಗಿದ ಹುಲ್ಲು, ಅಂಚಿಗೆ ಬೂದು ಬಣ್ಣದ ಕಲ್ಲುಹೂವು. ಕಲ್ಲುಕುಟಿಗರು ಬಂಡೆ ಸೀಳಲು ಉಳಿಯಿಂದ ಕೊರೆದ ಗುರುತು ಅದು. ಹಂಪಿಯಲ್ಲಿ ಹುಡುಕಿದರೆ ಎಷ್ಟೋ ಬಂಡೆಗಳ ಮೇಲೆ ಇಂಥ ಸಾಲುಗಳಿವೆ. ಬಿಸಿಲು ನೆತ್ತಿಯ ಮೇಲಿದ್ದಾಗ ಇವು ಕಣ್ಣಿಗೇ ಬೀಳುವುದಿಲ್ಲ. ಅಡ್ಡ ಬೆಳಕಿನಲ್ಲಿ ಒಂದೊಂದು ತೂತಿಗೂ ಒಂದೊಂದು ನೆರಳು ಹುಟ್ಟಿತ್ತು. 'ಸೈಡ್ ಲೈಟ್ ಟೆಕ್ಸ್ಚರ್ ತೋರಿಸುತ್ತದೆ' ಅಂತ ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಅದು ಐನೂರು ವರ್ಷದ ಹಿಂದಿನ ಒಬ್ಬ ಮನುಷ್ಯನ ಕೈಕೆಲಸವನ್ನೂ ತೋರಿಸಬಹುದು ಅಂತ ಅವತ್ತು ಗೊತ್ತಾಯಿತು.

ರಾತ್ರಿ ಕಮಲಾಪುರದ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಎಲ್ಲರೂ ಸೇರುತ್ತಿದ್ದೆವು. ಮೇಷ್ಟ್ರು ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಅನ್ನುವುದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. "ಈ ಬಂಡೆ ಇಲ್ಲಿಗೆ ಹೇಗೆ ಬಂತು?" ಅಂತ ಕೇಳಿದರು. ಮೇಲಿಂದ ಉರುಳಿ ಬಂದಿರಬೇಕು ಅಂದೆವು. ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದದ್ದು ಅಂತ ಒಬ್ಬ ಅಂದ. ಇದು ಕಿಷ್ಕಿಂಧೆ ಅಂತ ಊರವರು ಹೇಳುವ ಕಥೆ ಅದು. ಆಗ ಮೇಷ್ಟ್ರು ವಿವರಿಸಿದರು. ಈ ಬಂಡೆಗಳಲ್ಲಿ ಹೆಚ್ಚಿನವು ಎಲ್ಲಿಂದಲೋ ಉರುಳಿ ಬಂದವಲ್ಲ. ನೆಲದೊಳಗಿನ ಗ್ರಾನೈಟ್‌ನಲ್ಲಿ ಬಿರುಕುಗಳಿದ್ದವು. ನೀರು ಆ ಬಿರುಕುಗಳಲ್ಲಿ ಇಳಿದು ಮೂಲೆಗಳನ್ನು ಮೊದಲು ಕೊಳೆಸಿತು. ಮೇಲಿನ ಮಣ್ಣು ತೊಳೆದುಹೋದ ಮೇಲೆ ಉಳಿದದ್ದು ಈ ದುಂಡು ಕಲ್ಲುಗಳು, ಇದ್ದಲ್ಲೇ, ಒಂದರ ಮೇಲೊಂದು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಇದೇ ಗ್ರಾನೈಟ್ ಪಟ್ಟಿ ದಕ್ಷಿಣಕ್ಕೆ ರಾಮನಗರದವರೆಗೂ ಹೋಗುತ್ತದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ಲ, ಭೂವಿಜ್ಞಾನದವರು ಈ ಪಟ್ಟಿಯನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಕರೆಯುತ್ತಾರೆ. ನಾವು ರೈಲಿನಲ್ಲಿ ಕತ್ತಲಲ್ಲಿ ದಾಟಿ ಬಂದದ್ದೂ ಇದೇ ಕಲ್ಲನ್ನು!

ಅವತ್ತೇ ಅಲೆಕ್ಸಾಂಡರ್ ಗ್ರೀನ್‌ಲಾ ವಿಷಯವೂ ಬಂತು. ಮದ್ರಾಸ್ ಸೈನ್ಯದ ಈ ಅಧಿಕಾರಿ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಈಗ ಬೋಳಾಗಿರುವ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರ ಇತ್ತು, ಅವನ ಚಿತ್ರದಲ್ಲಿ ಅದು ಸ್ಪಷ್ಟವಾಗಿ ಇದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ನೋಡಿದಾಗ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಂತ ಮೇಷ್ಟ್ರು ಯಾಕೆ ಹಟ ಹಿಡಿದರು ಅಂತ ಅರ್ಥವಾಯಿತು. ಒಂದು ಚಿತ್ರ ಇದ್ದದ್ದನ್ನು ತೋರಿಸುತ್ತದೆ. ಎರಡನೆಯದು ಬಂದಾಗ ಮಾತ್ರ ಏನು ಹೋಯಿತು, ಏನು ಉಳಿಯಿತು ಅಂತ ಗೊತ್ತಾಗುವುದು.

ಮಾರನೇ ದಿನ ಇಳಿಜಾರಿನ ಕೆಳಗೆ ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜ ನನ್ನ ಹತ್ತಿರ ಬಂದರು.

"ಏನ್ ತಂಗೀ, ನಿನ್ನಿಯಿಂದ ಇಲ್ಲೇ ಕುಂತೀಯಲ್ಲ, ಏನ್ ಕಾಣಾಕತ್ತೈತಿ?"

"ಗದ್ದೆ ನೋಡ್ತಿದ್ದೀನಿ ಅಜ್ಜ."

"ಗದ್ದಿ ನೋಡಬೇಕಂದ್ರ ಮೊದ್ಲ ಕಾಲುವಿ ನೋಡವ್ವಾ. ಅದಿರಲಿಲ್ಲಂದ್ರ ಇಲ್ಲಿ ಬರೀ ಕಲ್ಲು."

ಬೆರಳು ತೋರಿಸಿದರು. ತೆಂಗಿನ ಸಾಲು ಬಳಸಿಕೊಂಡು ಹೋಗುವ ಕಡೆ ಕಾಲುವೆ ಇತ್ತು. ತುರುತ್ತು ಕಾಲುವೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಣೆ ಕಟ್ಟಿ ತಿರುಗಿಸಿದ ನೀರು ಇವತ್ತಿಗೂ ಈ ಕಣಿವೆಗೆ ಬರುತ್ತದೆ. 1565ರಲ್ಲಿ ಯುದ್ಧ ಸೋತು ರಾಜಧಾನಿ ಹಾಳಾಯಿತು, ಅರಮನೆಗಳಲ್ಲಿ ತಳಪಾಯ ಬಿಟ್ಟರೆ ಉಳಿದದ್ದು ಕಡಿಮೆ. ಕಾಲುವೆ ಮಾತ್ರ ಇನ್ನೂ ಕೆಲಸ ಮಾಡುತ್ತಿದೆ. ಹಂಪಿ ಅಂದರೆ ಹಾಳು ಊರು ಅಂತ ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಆ ನೀರಿನಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರನ್ನು ನೋಡಿದ ಮೇಲೆ ನನಗೆ ಆ ಮಾತು ಸರಿ ಅನಿಸುವುದಿಲ್ಲ.

ಈಗ ನನ್ನ ಚೌಕಟ್ಟಿನಲ್ಲಿ ಕಾಲುವೆ ಕಾಣಲೇಬೇಕಿತ್ತು. ಪ್ರತಿಫಲನ ಕಡಿಮೆಯಾಗಲಿ, ಹಸಿರು ಗಾಢವಾಗಿ ಬರಲಿ ಅಂತ ನಾನು ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದ್ದೆ. ಅದನ್ನು ತಿರುಗಿಸಿದರೆ ನೀರಿನ ಹೊಳಪು ಹೋಗಿ ಕಾಲುವೆ ಬರೀ ಕಪ್ಪು ಗೀರಾಗುತ್ತಿತ್ತು, ಗದ್ದೆಯಲ್ಲಿ ಕೆಸರು ಮಾತ್ರ ಕಾಣುತ್ತಿತ್ತು. ಫಿಲ್ಟರ್ ತೆಗೆದೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನನ್ನ ಕ್ಯಾಮೆರಾ ಮುಖವೂ ದಕ್ಷಿಣಕ್ಕೇ. ಎದುರು ಬೆಳಕಿನಲ್ಲಿ ಚಿತ್ರ ತೆಗೆಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಆ ಎದುರು ಬೆಳಕೇ ಬೇಕಿತ್ತು. ಕಾಲುವೆಯಿಂದ ಗದ್ದೆಗೆ, ಆ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಇಳಿಯುವ ದಾರಿ ಪೂರ್ತಿ ಬೆಳಗಿತು, ಬಂಡೆಗಳು ಕಪ್ಪಾಗಿ ಎರಡೂ ಬದಿ ನಿಂತವು. ಹೊಳಪು ಸುಟ್ಟುಹೋಗದ ಹಾಗೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ನೋಡಿಕೊಂಡು ಎಕ್ಸ್‌ಪೋಷರ್ ಇಳಿಸಿದೆ, ನೆರಳನ್ನು ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದ ಮೂಲ ಫೈಲಿನಲ್ಲಿ) ಸ್ವಲ್ಪವೇ ಎತ್ತಿದೆ. ಅಜ್ಜನಿಗೆ ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. "ಹ್ಞಾಂ, ಈಗ ನೀರು ಬಂತು ನೋಡು" ಅಂದರು. ಇಲ್ಲಿಯವರೆಗೆ ನನ್ನ ಚಿತ್ರಗಳಿಗೆ ಸಿಕ್ಕ ಯಾವ ಅಂಕಕ್ಕಿಂತಲೂ ಆ ಮಾತು ನನಗೆ ಹೆಚ್ಚು.

ಕಾಲೇಜಿನ ಪ್ರದರ್ಶನಕ್ಕೆ ಎರಡು ಚಿತ್ರ ಕೊಟ್ಟೆ. ಉಳಿ ತೂತಿನ ಬಂಡೆ ಒಂದು, ಎದುರು ಬೆಳಕಿನ ಕಣಿವೆ ಇನ್ನೊಂದು. ಮೊದಲ ದಿನದ ಬೆಳಗಿನ ಚಿತ್ರವನ್ನೇ ಹಾಕು, ಬಣ್ಣ ಚೆನ್ನಾಗಿದೆ ಅಂತ ಗೆಳತಿಯರು ಹೇಳಿದರು. ಅದರಲ್ಲಿ ಕಾಲುವೆ ಇರಲಿಲ್ಲ, ಹಾಗಾಗಿ ಬಿಟ್ಟೆ. ಕಣಿವೆಯ ಚಿತ್ರದ ಕೆಳಗೆ ಬರೆದ ನಾಲ್ಕು ಸಾಲು ಇದು: "ಈ ಕಲ್ಲನ್ನು ದುಂಡಗೆ ಮಾಡಿದ್ದು ನೀರು. ಈ ಗದ್ದೆಯನ್ನು ಹಸಿರು ಮಾಡಿದ್ದೂ ನೀರು. ಮೊದಲನೆಯದಕ್ಕೆ ಯಾರೂ ದುಡಿಯಲಿಲ್ಲ. ಎರಡನೆಯದಕ್ಕೆ ಜನ ಐನೂರು ವರ್ಷದಿಂದ ದುಡಿಯುತ್ತಿದ್ದಾರೆ."

ಬೇಸಿಗೆಯಲ್ಲಿ ರಿಪೇರಿಗೆ ಅಂತ ಕಾಲುವೆಯ ನೀರು ನಿಲ್ಲಿಸುತ್ತಾರೆ ಅಂತ ಅಜ್ಜ ಹೇಳಿದ್ದರು. ಆಗ ಅದೇ ಬಂಡೆಯ ಮೇಲೆ, ಅದೇ 50 ಎಂಎಂನಲ್ಲಿ, ಅದೇ ಹೊತ್ತಿಗೆ ಮತ್ತೊಂದು ತೆಗೆಯಬೇಕು ಅಂತಿದ್ದೇನೆ. ಮೇಷ್ಟ್ರ ಹತ್ತಿರ ಕೇಳಿದೆ, ಪರೀಕ್ಷೆ ಮುಗಿಸಿಕೊಂಡು ಹೋಗು ಅಂದರು. ಆನೆಗೊಂದಿಯಲ್ಲಿ ಚಿತ್ರ ತೆಗೆದ ಗೆಳತಿಯೂ ಬರುತ್ತಾಳಂತೆ. ಅವಳಿಗೆ ಹೊಳೆಯಲ್ಲಿ ನೀರು ಇಳಿದ ಮೇಲೆ ಮೇಲೇಳುವ ಬಂಡೆಗಳು ಬೇಕು.